ಇನ್ನೇನಪ್ಪನೂ ಲಾಂಡ್ರಿಯ ಚೀಟಿಗಳೂ

ನನ್ನ ತಂಗಿಯ ಗಂಡನಿಗೆ ಬೀದಿಯವರು ಇಟ್ಟ ಹೆಸರು ಇನ್ನೇನಪ್ಪ. ಕೆಲಸ ಎಲ್ಲಿಗೆ ಬಂತು ಎಂದು ಯಾರು ಯಾವಾಗ ಕೇಳಿದರೂ ‘ಇನ್ನೇನು, ಆಯ್ತು’ ಎನ್ನುವುದು ಅವನ ರೂಢಿ. ಸುಳ್ಳು ಹೇಳುವ ಆಸಾಮಿಯಲ್ಲ. ಅವನ ಕೈಗೆ ಬಂದ ಕೆಲಸವೆಲ್ಲ ಮುಗಿಯುವ ಅಂಚಿಗೆ ಬಂದೇ ಬರುತ್ತದೆ, ಅಲ್ಲಿಂದ ಮುಂದಕ್ಕೆ ಹೋಗುವುದಿಲ್ಲ, ಅಷ್ಟೆ.

ಮೊದಲು ಅವನದೊಂದು ಫೋಟೋ ಸ್ಟುಡಿಯೋ ಇತ್ತು. ಊರಿನವರ ಜೇಬಿಗೆಲ್ಲ ಕ್ಯಾಮೆರಾ ಬಂದ ಮೇಲೆ ಅದು ಮುಚ್ಚಿತು. ಆಮೇಲೆ ತಾರಸಿಯ ಮೇಲೆ ಜೇನು ಸಾಕಿದ. ಹುಳುಗಳಿಗೆ ಪಕ್ಕದ ಮನೆಯ ತಾರಸಿ ಹಿಡಿಸಿತು. ಗಾಜಿನ ತೊಟ್ಟಿಯಲ್ಲಿ ಬಣ್ಣದ ಮೀನು ಸಾಕಿದ. ಮೀನುಗಳಿಗೆ ಒಂದನ್ನೊಂದು ಕಂಡರೆ ಬಹಳ ರುಚಿ. ಕೊನೆಗೆ ಒಂದೇ ಉಳಿಯಿತು. ದಪ್ಪಗಿತ್ತು.

ಈ ನಡುವೆ ಕೆಲವು ದಿನ ನನ್ನ ಅಂಗಡಿಯಲ್ಲೂ ಕೂತಿದ್ದ. ನನ್ನದು ಕೀಲು, ಚಿಲಕ, ಮೊಳೆಗಳ ವ್ಯಾಪಾರ. ಕೀಲು ಬೇಕು ಎಂದು ಬಂದವರನ್ನು ನಿಲ್ಲಿಸಿ, ಬಾಗಿಲು ಯಾವ ಮರದ್ದು, ಯಾವ ಕಡೆಗೆ ತೆರೆಯುತ್ತದೆ, ಮೊದಲಿನಿಂದಲೂ ಹೀಗೇ ಕಿರುಗುಟ್ಟುತ್ತದೆಯೇ ಎಂದು ವಿಚಾರಿಸಿ, ‘ನಿಮ್ಮ ತೊಂದರೆ ಕೀಲಿಂದಲ್ಲ, ಚೌಕಟ್ಟಿಂದು’ ಎಂದು ತೀರ್ಪು ಕೊಟ್ಟು ಬರಿಗೈಯಲ್ಲಿ ಕಳಿಸುತ್ತಿದ್ದ. ಗಿರಾಕಿಗಳು ಕೈ ಮುಗಿದು ಕೃತಜ್ಞತೆ ಹೇಳಿ ಹೋಗುತ್ತಿದ್ದರು. ನನ್ನ ಗೋದಾಮಿನಲ್ಲಿ ಕೃತಜ್ಞತೆಗೆ ಜಾಗವಿಲ್ಲ. ಉಪಾಯವಾಗಿ ಮನೆಗೆ ಕಳಿಸಿದೆ.

ಮನೆಯಲ್ಲಿ ಕೂತವನು ಕಂಪ್ಯೂಟರ್ ಹಿಡಿದ. ವಿಡಿಯೋ ನೋಡಿಕೊಂಡು ಪ್ರೋಗ್ರಾಂ ಬರೆಯಲು ಕಲಿತ. ಫೋನಿನಲ್ಲಿ ಓಡುವಂಥದ್ದಲ್ಲ, ಅಂಗಡಿಯ ಮೇಜಿನ ಮೇಲಿನ ಕಂಪ್ಯೂಟರಿನಲ್ಲಿ ಕಿಟಕಿಯೊಂದು ತೆರೆದು, ಅದರೊಳಗಿನ ಗುಂಡಿ ಒತ್ತಿದರೆ ಕೆಲಸ ಮಾಡುವ ಜಾತಿಯದು. ಮೊದಲ ಗಿರಾಕಿಯೂ ಸಿಕ್ಕಿದಳು: ನಮ್ಮ ಸಾಲಿನ ಲಾಂಡ್ರಿ ಅಕ್ಕ. ಒಗೆಯಲು ಬಂದ ಪ್ರತಿ ಬಟ್ಟೆಗೂ ಅವಳು ಕೈಯಲ್ಲಿ ಚೀಟಿ ಬರೆದು ಕಟ್ಟುತ್ತಿದ್ದಳು. ಬರೆದದ್ದನ್ನು ಮರುದಿನ ಅವಳಿಗೇ ಓದಲು ಬರುತ್ತಿರಲಿಲ್ಲ. ಇನ್ನೇನಪ್ಪನ ಪ್ರೋಗ್ರಾಂ ಆ ಚೀಟಿಗಳನ್ನು ಅಚ್ಚು ಹಾಕಿ ಕೊಡಬೇಕು, ಇಷ್ಟೇ ಕೆಲಸ.

ಆಗ ನನ್ನ ತಂಗಿ ಅಂಗಡಿಗೆ ಬಂದು ಒಂದು ಮಾತು ಹೇಳಿದಳು.

“ಅಣ್ಣ, ಇದೇ ಕೊನೆ. ಲಾಂಡ್ರಿ ಅಕ್ಕ ಇದನ್ನೂ ಬೇಡ ಅಂದ್ರೆ ಇವರು ಕಂಪ್ಯೂಟರ್ ಮುಚ್ಚಿಟ್ಟು ನಿನ್ನ ಅಂಗಡೀಲಿ ಕೂರಲಿ. ಜೀವನ ಪೂರ್ತಿ.”

“ನನ್ನ ಅಂಗಡಿ ನಿನಗೇನಮ್ಮ ಅನ್ಯಾಯ ಮಾಡಿದೆ?”

“ನೀನೇ ನೋಡಿ ಒಪ್ಪಿಸಿದ ಗಂಡಲ್ವಾ?” ಎಂದು ಹೊರಟುಹೋದಳು.

ಆವತ್ತಿನಿಂದ ಅವನ ಏಳಿಗೆಯನ್ನು ಹೆತ್ತ ತಾಯಿಗಿಂತ ಹೆಚ್ಚಾಗಿ ಬಯಸಿದವನು ನಾನು.

ಪ್ರೋಗ್ರಾಂ ಹಾಕಿದ ದಿನ ನಾನೂ ಲಾಂಡ್ರಿಗೆ ಹೋದೆ. ಕಿಟಕಿ ತೆರೆಯುವ ಮೊದಲೇ ಅದು ಚಿತ್ರ ಸಿಗುತ್ತಿಲ್ಲ ಎಂದು ಹೇಳಿ ಮುಚ್ಚಿಕೊಂಡಿತು. ಮೇಲ್ಗಡೆ ಅಲಂಕಾರಕ್ಕೆಂದು ಇಸ್ತ್ರಿಪೆಟ್ಟಿಗೆಯ ಚಿತ್ರವೊಂದನ್ನು ಇಟ್ಟಿದ್ದನಂತೆ. ಚಿತ್ರ ಇದ್ದದ್ದು ಅವನ ಮನೆಯ ಕಂಪ್ಯೂಟರಿನಲ್ಲಿ. ಪ್ರೋಗ್ರಾಂ ಇಲ್ಲಿಗೆ ಬಂದರೂ ಆ ಮನೆಯ ವಿಳಾಸದಲ್ಲೇ ಚಿತ್ರ ಹುಡುಕುತ್ತಿತ್ತು.

“ನಮ್ಮನೇಲಿ ಸರಿಯಾಗೇ ಓಡುತ್ತೆ ಅಕ್ಕ.”

“ಹಾಗಾದ್ರೆ ಬಟ್ಟೆನೂ ನಿಮ್ಮನೇಲೇ ಒಗೀರಪ್ಪ.”

ಚಿತ್ರವನ್ನು ಪ್ರೋಗ್ರಾಂ ಜೊತೆಯಲ್ಲೇ ಕಟ್ಟಿ ತಂದ. ಮಾರನೆಯ ದಿನ ಗಿರಾಕಿಯೊಬ್ಬ ಮೂರು ಅಂಗಿ, ಎರಡು ಪ್ಯಾಂಟು ಕೊಟ್ಟರೆ ಒಟ್ಟು ಮೂವತ್ತೆರಡು ಬಟ್ಟೆ ಎಂದು ಬಂತು. ಚೌಕದಲ್ಲಿ ಟೈಪ್ ಮಾಡಿದ್ದನ್ನೆಲ್ಲ ಯಂತ್ರ ಅಕ್ಷರವೆಂದೇ ತಿಳಿಯುತ್ತದಂತೆ. ಕೂಡು ಎಂದರೆ ಪಕ್ಕಪಕ್ಕ ಅಂಟಿಸುತ್ತದೆ. ‘ಇದು ಅಂಕಿ ಕಣಪ್ಪ’ ಎಂದು ಮೊದಲೇ ಹೇಳಬೇಕು. ಇವನು ಹೇಳಿರಲಿಲ್ಲ. ಅದನ್ನೂ ಸರಿಮಾಡಿದ.

ನಿಜವಾದ ಗ್ರಹಚಾರ ಶುರುವಾದದ್ದು ಆಮೇಲೆ. ಬೆಳಗ್ಗೆ ಬಾಗಿಲು ತೆರೆದಾಗ ಪ್ರೋಗ್ರಾಂ ಹಸುವಿನಂತಿರುತ್ತಿತ್ತು: ಒಂದು ಬಟ್ಟೆಗೆ ಒಂದು ಚೀಟಿ. ಹೊತ್ತು ಏರಿದಂತೆ ಚೀಟಿಗಳೂ ಏರುತ್ತಿದ್ದವು. ಮಧ್ಯಾಹ್ನದ ಹೊತ್ತಿಗೆ ಒಂದು ಕರವಸ್ತ್ರಕ್ಕೆ ಒಂದು ಮೊಳ ಚೀಟಿ. ಅಕ್ಕ ಫೋನು ಮಾಡುವಳು. ಇನ್ನೇನಪ್ಪ ಓಡೋಡಿ ಬರುವನು. ಬಂದವನೇ ಪ್ರೋಗ್ರಾಂ ಮುಚ್ಚಿ, ಹೊಸದಾಗಿ ತೆರೆದು, ಗುಂಡಿ ಒತ್ತಿ ನೋಡುವನು. ಒಂದೇ ಚೀಟಿ.

“ಸರಿಯಾಗೇ ಇದೆಯಲ್ಲಕ್ಕ!”

“ನೀನು ಬಂದ ಕೂಡ್ಲೇ ಅತ್ತೆ ಕಂಡ ಸೊಸೆ ಹಾಗೆ ತಲೆ ತಗ್ಗಿಸಿ ಕೂರುತ್ತೆ. ನೀನು ಬೀದಿ ದಾಟಲಿ, ಆಮೇಲೆ ನೋಡು ಇದರ ಕುಣಿತ.”

ಕುಣಿಯಲಾರದವಳಿಗೆ ನೆಲ ಡೊಂಕು. ಇನ್ನೇನಪ್ಪ ಮೊದಲು ಅಚ್ಚಿನ ಯಂತ್ರದ ತಪ್ಪು ಎಂದ. ಆಮೇಲೆ ವಯರಿನ ತಪ್ಪು, ಕರೆಂಟಿನ ತಪ್ಪು, ಕೊನೆಗೆ ಅಕ್ಕನ ಬೆರಳಿನ ತಪ್ಪು ಎಂದ. ಬೆರಳಿನ ಮಾತು ಎತ್ತಬಾರದಿತ್ತು. ಅಷ್ಟರಲ್ಲಿ ಒಬ್ಬ ವಕೀಲರ ಕೋಟು ಚೀಟಿಗಳಿಂದ ಕೋಳಿಯಂತೆ ಪುಕ್ಕ ಬಿಟ್ಟುಕೊಂಡು ಅವರ ಮನೆಗೆ ಹೋಗಿತ್ತು. ವಕೀಲರು ಅದನ್ನು ಹಾಗೇ ಹಾಕಿಕೊಂಡು ಲಾಂಡ್ರಿಗೆ ಬಂದರು. ಬಾಗಿಲಲ್ಲಿ ಒಂದು ಸುತ್ತು ತಿರುಗಿ ತೋರಿಸಿದರು.

“ಶನಿವಾರದ ತನಕ ನೋಡ್ತೀನಿ,” ಎಂದಳು ಅಕ್ಕ. “ಆಮೇಲೆ ನಿನ್ನ ಪ್ರೋಗ್ರಾಂ ನೀನು ತಗೊಂಡು ಹೋಗು. ನನ್ನ ಕಾಗೆ ಕಾಲು ಅಕ್ಷರವೇ ವಾಸಿ.”

ಶನಿವಾರ ದೂರವಿರಲಿಲ್ಲ. ನಾನು ಅಂಗಡಿ ಬಿಟ್ಟು ಅವನ ಮನೆಗೆ ಹೋದೆ. ಊಟದ ಮೇಜಿನ ಮೇಲೆ ಕಂಪ್ಯೂಟರ್ ಇಟ್ಟುಕೊಂಡು ಕೂತಿದ್ದ. ಒಂದು ಸಾಲು ತಿದ್ದುವುದು, ಪ್ರೋಗ್ರಾಂ ಓಡಿಸುವುದು, ಗುಂಡಿ ಒತ್ತುವುದು, ಒಂದು ಚೀಟಿ ಬಂತೆಂದು ತಲೆಯಾಡಿಸುವುದು, ಮುಚ್ಚುವುದು. ಮತ್ತೆ ಒಂದು ಸಾಲು.

“ಎಲ್ಲಿಗೆ ಬಂತಪ್ಪ?”

“ಇನ್ನೇನು, ಆಯ್ತು ಭಾವ.”

“ನಿನ್ನ ಮನೇಲಿ ಬರದ ಕಾಯಿಲೆಗೆ ನಿನ್ನ ಮನೇಲೇ ಮದ್ದು ಅರೀತಾ ಕೂತ್ರೆ ಹೇಗಯ್ಯ? ಹೋಗಿ ಆಕೆ ಪಕ್ಕದಲ್ಲಿ ಕೂತ್ಕೊಂಡು ನೋಡು.”

ಅವನ ಮುಖ ಸಣ್ಣಗಾಯಿತು. “ಅಂಗಡೀಲಿ ಕೂರೋದು ನನಗಾಗಲ್ಲ ಭಾವ. ಜನ ಬರ್ತಾರೆ.”

“ಅಲ್ಲಿ ಒಂದು ದಿನ ಕೂರ್ತೀಯೋ, ನನ್ನ ಹತ್ರ ಜೀವಮಾನ ಕೂರ್ತೀಯೋ?”

ಚಪ್ಪಲಿ ಮೆಟ್ಟಿಕೊಂಡು ಹೊರಟ.

ಅಕ್ಕ ಅವನನ್ನು ಒಳಗೆ ಬಿಟ್ಟುಕೊಂಡಳು, ಒಂದು ಕರಾರಿನ ಮೇಲೆ: ಮುಟ್ಟಬಾರದು, ಮಾತಾಡಬಾರದು. ಕೊಳೆಬಟ್ಟೆಯ ಮೂಟೆಯೊಂದರ ಮೇಲೆ, ಅವಳ ಬೆನ್ನ ಹಿಂದೆ ಕೂತ. ಒಬ್ಬ ಗಿರಾಕಿ ಕಾಲರಿನ ಕಲೆ ಹೇಗೆ ಹೋಗುತ್ತದೆ ಎಂದು ಕೇಳಿದಾಗ ಬಾಯಿ ತೆರೆದನಂತೆ. ಅಕ್ಕ ತಿರುಗಿ ನೋಡಿದಳಂತೆ. ಮುಚ್ಚಿದನಂತೆ.

ಅಲ್ಲಿ ಕೂತ ಮೇಲೆ ಅವನ ಕಣ್ಣಿಗೆ ಬಿದ್ದದ್ದು ಬಲು ಸಾಧಾರಣ ಸಂಗತಿ. ಅಕ್ಕ ಬೆಳಗ್ಗೆ ಪ್ರೋಗ್ರಾಂ ತೆರೆದರೆ ಅಂಗಡಿ ಮುಚ್ಚುವವರೆಗೂ ಅದನ್ನು ಮುಚ್ಚುವುದಿಲ್ಲ. ಗಿರಾಕಿ ಬಂದಾಗ ಅದರೊಳಗಿನ ಚೀಟಿಯ ಕಿಟಕಿಯನ್ನು ತೆರೆಯುತ್ತಾಳೆ, ಅಚ್ಚು ಹಾಕುತ್ತಾಳೆ, ಕಿಟಕಿ ಮುಚ್ಚುತ್ತಾಳೆ. ಮುಂದಿನ ಗಿರಾಕಿಗೆ ಮತ್ತೆ ತೆರೆಯುತ್ತಾಳೆ. ಒಪ್ಪವಾದ ಹೆಂಗಸು. ಮೊದಲ ಗಿರಾಕಿಯ ಬಟ್ಟೆಗೆ ಒಂದೊಂದು ಚೀಟಿ ಬಂತು, ಎರಡನೆಯವನದಕ್ಕೆ ಎರಡೆರಡು, ಮೂರನೆಯವನದಕ್ಕೆ ಮೂರು ಮೂರು. ಇನ್ನೇನಪ್ಪ ಮನೆಯಲ್ಲಿ ಸಾವಿರ ಸಲ ಪರೀಕ್ಷೆ ಮಾಡಿದ್ದರೂ ಪ್ರೋಗ್ರಾಂ ಮುಚ್ಚದೆ ಆ ಚಿಕ್ಕ ಕಿಟಕಿಯನ್ನು ಎರಡನೆಯ ಸಲ ತೆರೆದವನೇ ಅಲ್ಲ.

ಮೂಟೆಯಿಂದ ಎದ್ದವನು ನೇರವಾಗಿ ನನ್ನ ಅಂಗಡಿಗೆ ಓಡಿಬಂದ.

“ಭಾವ, ಗುಂಡಿ ಒತ್ತಿದ್ರೆ ಚೀಟಿ ಹಾಕು ಅಂತ ಯಂತ್ರಕ್ಕೆ ಅಪ್ಪಣೆ ಕೊಡಬೇಕಲ್ಲ, ಅದನ್ನ ನಾನು ಕಿಟಕಿ ತೆರೆಯೋ ಜಾಗದಲ್ಲಿ ಬರೆದಿದ್ದೀನಿ. ಮುಚ್ಚಿದ್ರೆ ಕಿಟಕಿ ಮರೆಯಾಗುತ್ತೆ, ಅಪ್ಪಣೆ ಹಾಗೇ ಉಳಿಯುತ್ತೆ. ಮತ್ತೆ ತೆರೆದ್ರೆ ಇನ್ನೊಂದು ಅಪ್ಪಣೆ!”

ನಾನು ಕೈಲಿದ್ದ ಚಿಲಕವನ್ನು ಕೆಳಗಿಟ್ಟೆ. “ಅಂದ್ರೆ ಅಂಗಡಿ ಬಾಗಿಲು ತೆಗೆದಾಗಲೆಲ್ಲ ಒಬ್ಬ ಹೊಸ ಆಳನ್ನ ಇಟ್ಕೊಂಡು, ಹಳಬನನ್ನ ಬಿಡಿಸದೆ ಇದ್ದ ಹಾಗೆ. ಗಿರಾಕಿ ಒಂದು ಚಿಲಕ ಕೇಳಿದ್ರೆ ಅಷ್ಟೂ ಜನ ಒಂದೊಂದು ತಂದುಕೊಡ್ತಾರೆ.”

“ಅದೇ ಭಾವ, ಅದೇ!”

“ಇಂಥ ಮಾಲೀಕ ದಿವಾಳಿ ಎದ್ದಿಲ್ಲ ಅನ್ನೋದೇ ಆಶ್ಚರ್ಯ.”

ಒಂದು ಸಾಲನ್ನು ಕಿಟಕಿ ತೆರೆಯುವ ಜಾಗದಿಂದ ಕಿತ್ತು, ಪ್ರೋಗ್ರಾಂ ಶುರುವಾಗುವ ಜಾಗದಲ್ಲಿ ನೆಟ್ಟ. ಅಷ್ಟೇ ರಿಪೇರಿ.

ಶನಿವಾರ ತಂಗಿ ತಾನೇ ಲಾಂಡ್ರಿಗೆ ಬಂದಳು. ಗಂಡನ ಮಾತಿನ ಮೇಲೆ ಅವಳಿಗೆ ಅನುಭವದಿಂದ ಬಂದ ಅಪನಂಬಿಕೆ. ಅಕ್ಕನ ಕುರ್ಚಿಯಲ್ಲಿ ಕೂತು ಕಿಟಕಿ ತೆರೆದಳು, ಅಚ್ಚು ಹಾಕಿದಳು, ಮುಚ್ಚಿದಳು. ಒಂದು ಚೀಟಿ. ಮತ್ತೆ ತೆರೆದಳು. ಒಂದು. ಮತ್ತೆ, ಮತ್ತೆ. ನಾನು ಬಾಗಿಲಲ್ಲಿ ನಿಂತು ಚೀಟಿ ಎಣಿಸುತ್ತಿದ್ದೆ. ಪ್ರತಿ ಸಲವೂ ಒಂದೇ.

“ಸಾಕು ಬಿಡಮ್ಮ,” ಎಂದಳು ಅಕ್ಕ, “ನನ್ನ ಕಾಗದ ಎಲ್ಲಾ ಖಾಲಿ ಮಾಡ್ತೀಯ. ಇರಲಿ ಇದು. ಪಕ್ಕದ ಟೈಲರ್ ಕೂಡ ತನಗೂ ಒಂದು ಬೇಕು ಅಂತಿದ್ದ.”

ತಂಗಿ ಎದ್ದು ಗಂಡನ ಕಡೆ ತಿರುಗಿದಳು.

“ರೀ, ಇನ್ನು ಮೇಲೆ ಯಾರ ಅಂಗಡಿಗೆ ಬರೆದ್ರೂ ಮೊದಲು ಅಲ್ಲಿ ಒಂದು ದಿನ ಬಾಯಿ ಮುಚ್ಕೊಂಡು ಕೂತು ನೋಡಬೇಕು. ಆಮೇಲೇ ಬರೀಬೇಕು. ಇದಕ್ಕೆ ಒಪ್ಪಿದ್ರೆ ಅಣ್ಣನ ಅಂಗಡಿ ಮಾತು ಬಿಟ್ಟೆ. ಏನಂತೀರಾ?”

ಅವನು ತಲೆ ಕೆರೆದುಕೊಂಡು ಯೋಚಿಸತೊಡಗಿದ. ಒಪ್ಪಿದೆ ಎಂದು ನಾನೇ ಕೂಗಿ ಹೇಳಿದೆ.