ರಾಜ ಗಂಡಿನ ಕಡೆಯವನು

ನಮ್ಮ ಅಕ್ಕನ ಮದುವೆ ಕೋರ್ಟಿನಲ್ಲಿ ವಿಚ್ಛೇದನದೊಂದಿಗೆ ಮುಗಿದ ಮೇಲೆ ಮಲ್ಲೇಶ್ವರದ ಅವಳ ಅತ್ತೆಯ ಮನೆಯ ಹಜಾರದಲ್ಲಿ ಒಂದು ಸಭೆ ಸೇರಿತು. ಅವಳು ತವರಿನಿಂದ ತಂದಿದ್ದ ಸಾಮಾನುಗಳನ್ನು ಹಿರಿಯರ ಸಮ್ಮುಖದಲ್ಲಿ ಗೌರವಯುತವಾಗಿ ಹಿಂದಿರುಗಿಸುವುದು ಸಭೆಯ ಉದ್ದೇಶ. ಎಲ್ಲರೂ ಕಾಫಿ ಕುಡಿದರು. ಇಡ್ಲಿ ಪಾತ್ರೆ ಬಂತು, ಹೊಲಿಗೆ ಯಂತ್ರ ಬಂತು, ಕಾಲು ಮುರಿದ ಒಂದು ಮಣೆ ಬಂತು. ಕೊನೆಗೆ ಅತ್ತೆಯವರು ಹಳೆಯ ರೇಷ್ಮೆ ಸೀರೆಯ ತುಂಡಿನಲ್ಲಿ ಸುತ್ತಿದ್ದ ಪಟ್ಟದ ಗೊಂಬೆಯನ್ನು ತಂದು ಆ ಮಣೆಯ ಮೇಲೆಯೇ ಇಟ್ಟರು.

ನವರಾತ್ರಿಗೆ ಗೊಂಬೆ ಕೂರಿಸುವ ಮನೆಗಳಲ್ಲಿ, ಮಗಳ ಮದುವೆಗೆ ತವರಿನವರು ಮರದ ರಾಜ-ರಾಣಿಯರ ಜೋಡಿಯನ್ನು ಕೊಡುತ್ತಾರೆ. ಹಬ್ಬದಲ್ಲಿ ಗೊಂಬೆ ಮೆಟ್ಟಿಲುಗಳ ತುತ್ತತುದಿಯಲ್ಲಿ ಕೂರುವ ಅಧಿಕಾರ ಆ ಜೋಡಿಯದು. ಬಟ್ಟೆ ಬಿಚ್ಚಿದರೆ ಒಳಗಿದ್ದದ್ದು ರಾಣಿ ಮಾತ್ರ.

"ರಾಜ ಎಲ್ಲಿ?" ಎಂದರು ನಮ್ಮ ಸೋದರಮಾವ.

"ರಾಜ ಗಂಡಿನ ಕಡೆಯವನಲ್ವೇ?" ಎಂದರು ಅತ್ತೆ. "ಅವನು ನಮ್ಮನೇಲೇ ಇರ್ತಾನೆ. ನಿಮ್ಮ ಹುಡುಗಿ ನಿಮಗೆ, ನಮ್ಮ ಹುಡುಗ ನಮಗೆ."

ಯಾರೂ ನಗಲಿಲ್ಲ. ಪಿಂಚಣಿ ಪಡೆಯುವ, ದಿನವೂ ಪತ್ರಿಕೆ ಓದುವ ಗಂಡಸರೆಲ್ಲ ಗದ್ದ ನೀವಿಕೊಂಡು ಇದರ ನ್ಯಾಯಾನ್ಯಾಯವನ್ನು ತೂಗಿದರು. ನಮ್ಮ ಸೋದರಮಾವನವರಂತೂ "ಲಾಜಿಕ್ ಸರಿಯಾಗೇ ಇದೆ" ಎಂದುಬಿಟ್ಟರು. ರಾಜನನ್ನೂ ರಾಣಿಯನ್ನೂ ಕೊಂಡು ತಂದವರು ನಮ್ಮ ಅಪ್ಪ ಎಂಬ ಸಣ್ಣ ಸಂಗತಿ ಆ ಮಹಾಸಭೆಗೆ ಹೊಳೆಯಲಿಲ್ಲ.

ಅಕ್ಕ ರಾಣಿಯನ್ನು ಎತ್ತಿಕೊಂಡು ಎದ್ದಳು. "ಇಟ್ಕೊಳ್ಳಿ ಅತ್ತೆ. ಹೊತ್ತುಹೊತ್ತಿಗೆ ಬಡಿಸ್ಬೇಕು, ಮರೀಬೇಡಿ. ಇವನೂ ಕೂತ ಕಡೆಯಿಂದ ಏಳೋನಲ್ಲ."

ಅವಳಿಗೆ ಕೆಟ್ಟ ಹೆಸರು ಬಂದಿದ್ದು ಬಹುಮಟ್ಟಿಗೆ ಇಂಥ ಮಾತುಗಳಿಂದಲೇ.

ಇದು ತೊಂಬತ್ತರ ದಶಕದ ನಡುವಿನ ಸಂಗತಿ. ಅಕ್ಕ ಒಂದು ವಿಮಾ ಕಚೇರಿಯಲ್ಲಿ ಕೆಲಸದಲ್ಲಿದ್ದಳು. ನಾನು, ನನ್ನ ಹೆಂಡತಿ ಮತ್ತು ಅಮ್ಮ ಚಾಮರಾಜಪೇಟೆಯಲ್ಲಿದ್ದೆವು. ಅಪ್ಪ ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ಬೀದಿ ಕಡೆಯ ರೂಮನ್ನು ಅಕ್ಕನಿಗೆ ಖಾಲಿ ಮಾಡಿಕೊಡುವುದೆಂದು ಅಮ್ಮ ತೀರ್ಮಾನಿಸಿದ್ದಳು. ಗಂಡನನ್ನು ಬಿಟ್ಟವಳು ತಮ್ಮನ ಮನೆಯ ಒಂದು ರೂಮಿನಲ್ಲಿ, ಬಾಗಿಲನ್ನು ಅರ್ಧ ಮುಚ್ಚಿಕೊಂಡು, ದನಿಯನ್ನೂ ಅರ್ಧ ಮಾಡಿಕೊಂಡು, ನಾದಿನಿಯ ಅಡುಗೆಯನ್ನು ಹೊಗಳುತ್ತಾ ಕಾಲ ಕಳೆಯಬೇಕೆಂಬುದು ಲೋಕದ ಏರ್ಪಾಡು. ಅಕ್ಕ ಒಪ್ಪಲಿಲ್ಲ.

"ನನ್ ಬಾಗ್ಲಿಗೆ ನಾನೇ ಬೀಗ ಹಾಕಿ, ನಾನೇ ತೆಗೀಬೇಕು ಕಣೋ. ನಂಗೆ ಬೇಕಾಗಿರೋದು ಅಷ್ಟೇ," ಎಂದಳು.

ಆ ಅಷ್ಟನ್ನು ಕೊಡಲು ಚಾಮರಾಜಪೇಟೆಯಲ್ಲಾಗಲಿ ಪಕ್ಕದ ಬಸವನಗುಡಿಯಲ್ಲಾಗಲಿ ಯಾರೂ ಸಿದ್ಧರಿರಲಿಲ್ಲ. 'ಬಾಡಿಗೆಗಿದೆ' ಎಂಬ ಬೋರ್ಡು ಅಕ್ಕನ ಮೊಪೆಡ್ಡಿನ ಸದ್ದು ಕೇಳಿದ ಕೂಡಲೇ ಸುಳ್ಳಾಗುತ್ತಿತ್ತು. ಕೊನೆಗೆ ನಮ್ಮ ಮನೆಯಿಂದ ಎರಡು ರಸ್ತೆ ಆಚೆ, ನಿವೃತ್ತ ಹೆಡ್‌ಮಾಸ್ತರರೊಬ್ಬರ ಮನೆಯ ಹಿಂದಿನ ಪೋರ್ಷನ್ ಖಾಲಿಯಿದೆಯೆಂದು ತಿಳಿದು ನಾನೂ ಜೊತೆಗೆ ಹೋದೆ. ಹೆಡ್‌ಮಾಸ್ತರರು ಪ್ರಶ್ನೆಗಳನ್ನೆಲ್ಲ ನನ್ನನ್ನೇ ಕೇಳಿದರು. ಉತ್ತರಗಳನ್ನೆಲ್ಲ ಅಕ್ಕ ಕೊಟ್ಟಳು. ಅವರು ಆ ಉತ್ತರಗಳಿಗೂ ನನ್ನ ಮುಖ ನೋಡಿಯೇ ತಲೆಯಾಡಿಸಿದರು.

"ಇವರು ಸಂಜೆ ಮನೆಗೆ ಎಷ್ಟೊತ್ತಿಗೆ ಬರ್ತಾರಪ್ಪಾ?"

"ಆಫೀಸು ಬಿಟ್ಟಾಗ."

"ಗಂಡಸರು ಯಾರಾದ್ರೂ ಬಂದು ಹೋಗೋದು ಉಂಟೋ?"

"ಇವನು ಬರ್ತಾನೆ," ಎಂದಳು ಅಕ್ಕ ನನ್ನನ್ನು ತೋರಿಸಿ. "ಗಂಡಸು ಅಂತ ಲೆಕ್ಕಕ್ಕೆ ತಗೋಬಹುದು."

ಹೆಡ್‌ಮಾಸ್ತರರು ನನ್ನನ್ನು ಪರಿಶೀಲಿಸಿ, ಪಾಸು ಮಾಡಿ, ಬೀಗದ ಕೈಯನ್ನು ನನ್ನ ಅಂಗೈಗೆ ಹಾಕಿದರು. ಅಕ್ಕ ಅಲ್ಲೇ ಅದನ್ನು ನನ್ನ ಕೈಯಿಂದ ತೆಗೆದುಕೊಂಡಳು.

ಬೀದಿಯ ಮೊದಲ ಅಸಮಾಧಾನ ಫ್ಯೂಸಿನದು. ಆಗ ವಾರಕ್ಕೊಮ್ಮೆಯಾದರೂ ಯಾರದಾದರೂ ಮನೆಯ ಫ್ಯೂಸು ಹೋಗುತ್ತಿತ್ತು. ಹೆಂಗಸರಿರುವ ಮನೆಯಲ್ಲಿ ಫ್ಯೂಸು ಹೋದರೆ ಪಕ್ಕದ ಮನೆಯ ಗಂಡಸನ್ನು ಕೂಗಬೇಕು. ಅವನು ಟಾರ್ಚು ಹಿಡಿದು ಬಂದು, ತಂತಿ ಸುತ್ತಿ, ಲೋಕವನ್ನು ಕತ್ತಲೆಯಿಂದ ಪಾರುಮಾಡಿ, ಒಂದು ಲೋಟ ಕಾಫಿ ಸ್ವೀಕರಿಸಿ ಹೋಗಬೇಕು. ಪುರುಷಾರ್ಥ ಅನ್ನುವುದು ನಮ್ಮ ಕಡೆ ಅಷ್ಟಕ್ಕೆ ಬಂದು ನಿಂತಿತ್ತು. ಅಕ್ಕ ಸ್ಟೂಲು ಹತ್ತಿ, ಮೇಣದಬತ್ತಿಯನ್ನು ಮೀಟರ್ ಹಲಗೆಯ ಮೇಲಿಟ್ಟು, ತಾನೇ ತಂತಿ ಹಾಕಿಕೊಂಡಳು. ಹೆಡ್‌ಮಾಸ್ತರರು ಮರುದಿನವೇ ನನ್ನನ್ನು ರಸ್ತೆಯಲ್ಲಿ ತಡೆದರು.

"ಒಂದು ಮಾತು ಹೇಳಿದ್ರೆ ನಾವು ಹಾಕಿಕೊಡ್ತಿರ್ಲಿಲ್ವೇನಪ್ಪಾ? ನಾವೆಲ್ಲ ಇಲ್ಲಿ ಯಾಕಿದೀವಿ ಹಾಗಾದ್ರೆ?"

ಪ್ರಶ್ನೆ ಗಹನವಾಗಿತ್ತು.

ಆಮೇಲೆ ನವರಾತ್ರಿ ಬಂತು. ಕೋರ್ಟು ಕಚೇರಿಯ ವರ್ಷಗಳಲ್ಲಿ ಅಕ್ಕ ಗೊಂಬೆ ಕೂರಿಸಿರಲಿಲ್ಲ. ಈ ಸಲ ಕೂರಿಸುತ್ತೇನೆಂದಳು.

"ರಾಜ ಇಲ್ದೆ ಎಂಥಾ ಗೊಂಬೆ ಹಬ್ಬಾನೇ?" ಎಂದಳು ಅಮ್ಮ. "ಈ ವರ್ಷ ಸುಮ್ನಿರು. ಜನ ಸ್ವಲ್ಪ ಮರೀಲಿ."

"ನಾನಿನ್ನೂ ಮರೆತಿಲ್ಲ, ಅವ್ರು ಯಾಕೆ ಮರೀಬೇಕು?"

ಪೆಟ್ಟಿಗೆಗಳ ಮೇಲೆ ಹಲಗೆ ಜೋಡಿಸಿ, ಬಿಳಿ ಪಂಚೆ ಹಾಸಿ ಮೆಟ್ಟಿಲು ಕಟ್ಟಿದಳು. ಕೆಳಗಿನ ಮೆಟ್ಟಿಲಲ್ಲಿ ಮಣ್ಣಿನ ಕ್ರಿಕೆಟ್ ತಂಡ, ಅದರ ಮೇಲೆ ದಿನಸಿ ಅಂಗಡಿ ಇಟ್ಟುಕೊಂಡ ಶೆಟ್ಟಿ ದಂಪತಿ, ಅದರ ಮೇಲೆ ದೇವರುಗಳು. ತುದಿಯಲ್ಲಿ, ಜರಿಯ ರವಿಕೆ ಕಣವನ್ನು ಸೀರೆಯಾಗಿ ಉಟ್ಟ ರಾಣಿ, ಒಬ್ಬಳೇ, ಸರಿಯಾಗಿ ನಡುಮಧ್ಯೆ. ಪಕ್ಕದಲ್ಲಿ ಜಾಗ ಬಿಟ್ಟಿದ್ದರೆ ಬೀದಿ ಕ್ಷಮಿಸುತ್ತಿತ್ತೋ ಏನೋ. ಅಕ್ಕ ಜಾಗವನ್ನೂ ಬಿಟ್ಟಿರಲಿಲ್ಲ.

ಮೊದಲ ಸಂಜೆ ಕರೆದವರೆಲ್ಲ ಬಂದರು. ಇಂಥದನ್ನು ನೋಡದೆ ಖಂಡಿಸುವುದು ಹೇಗೆ? ನಾನು ಅಡುಗೆಮನೆಯಲ್ಲಿ ನನ್ನ ಹೆಂಡತಿಗೆ ನೆರವಾಗಿ ತೆಂಗಿನಕಾಯಿ ತುರಿಯುತ್ತಿದ್ದೆ. ಹೆಡ್‌ಮಾಸ್ತರರ ಹೆಂಡತಿಯ ದನಿ ಕೇಳಿಸಿತು.

"ಏನ್ರೀ, ರಾಜ ಇನ್ನೂ ಬಂದಿಲ್ವಾ?"

"ಬರಲ್ಲ ಕಣ್ರಿ. ಬೇರೆ ಮನೆ ಮಾಡ್ಕೊಂಡಿದಾನೆ," ಎಂದಳು ಅಕ್ಕ.

ಅಕ್ಕ ಅರಿಶಿನ-ಕುಂಕುಮದ ತಟ್ಟೆ ಹಿಡಿದು ಬಂದಳು. ಆಗ ಎದ್ದಿದ್ದು ಧರ್ಮಸೂಕ್ಷ್ಮ. ಗಂಡನನ್ನು ಬಿಟ್ಟವಳ ಕೈಯಿಂದ ಕುಂಕುಮ ಇಡಿಸಿಕೊಳ್ಳಬಹುದೋ ಇಲ್ಲವೋ? ಗಂಡ ಮಲ್ಲೇಶ್ವರದಲ್ಲಿ ಗುಂಡುಕಲ್ಲಿನ ಹಾಗಿದ್ದಾನೆ, ಆದ್ದರಿಂದ ಇವಳು ಮುತ್ತೈದೆ. ಆದರೆ ಅವನು ಇವಳ ಗಂಡನೇ ಅಲ್ಲ, ಆದ್ದರಿಂದ ಏನೂ ಅಲ್ಲ. ಹೆಡ್‌ಮಾಸ್ತರರ ಹೆಂಡತಿ ಕ್ಷಣಾರ್ಧದಲ್ಲಿ ಪರಿಹಾರ ಕಂಡುಹಿಡಿದರು. "ನಿಮಗ್ಯಾಕೆ ತೊಂದ್ರೆ, ನಾವೇ ಇಟ್ಕೋತೀವಿ ಬಿಡಿ," ಎಂದು ಬೆರಳದ್ದಿ ತಾವೇ ಇಟ್ಟುಕೊಂಡರು. ಉಳಿದವರೂ ಸಾಲಾಗಿ ಹಾಗೆಯೇ ಮಾಡಿದರು. ಊರಿನ ದರ್ಶಿನಿ ಹೋಟೆಲುಗಳಲ್ಲಿ ಸೆಲ್ಫ್ ಸರ್ವಿಸ್ ಹೊಸದಾಗಿ ಬಂದಿದ್ದ ಕಾಲ. ಅದು ಧಾರ್ಮಿಕ ಕ್ಷೇತ್ರವನ್ನು ಪ್ರವೇಶಿಸಿದ್ದು ನಮ್ಮ ಅಕ್ಕನ ಮನೆಯಲ್ಲಿ.

ಎರಡನೆಯ ಸಂಜೆ ಯಾರೂ ಬರಲಿಲ್ಲ. ಮೂರನೆಯ ಸಂಜೆ ಮಕ್ಕಳೂ ಬರಲಿಲ್ಲ. "ಗೊಂಬೆ ಕೂರ್ಸಿದೀರಾ?" ಎಂದು ಮನೆಮನೆಗೆ ನುಗ್ಗುವ ಮಕ್ಕಳು ಅಕ್ಕನ ಗೇಟಿನ ಮುಂದೆ ಬಂದಾಗ ಮಾತ್ರ ಓಟ ಹೆಚ್ಚಿಸುತ್ತಿದ್ದವು. ಒಂದು ಹುಡುಗಿಯನ್ನು ಅವಳಮ್ಮ ರಟ್ಟೆ ಹಿಡಿದು ಎಳೆದುಕೊಂಡು ಹೋದಳು. ಅಕ್ಕ ಮಾಡಿದ ಕಡಲೆಕಾಳು ಉಸಲಿಯನ್ನು ನಾವು ಮೂರೂ ಹೊತ್ತು ತಿಂದೆವು.

ಅದೇ ವಾರ ಎದುರು ಮನೆಯ ಹುಡುಗಿಯನ್ನು ನೋಡಲು ಬರಬೇಕಿದ್ದ ಗಂಡಿನ ಕಡೆಯವರು ಬರಲಿಲ್ಲ. ನಲ್ಲಿಯಲ್ಲಿ ನೀರೂ ಬರಲಿಲ್ಲ. ಮೂಲೆಯ ಟ್ರಾನ್ಸ್‌ಫಾರ್ಮರ್ ಢಮಾರೆಂದಿತು. ಮೂರನ್ನೂ ರಾಣಿಯ ತಲೆಗೆ ಕಟ್ಟಿ, ಹೆಡ್‌ಮಾಸ್ತರರು ಬೀದಿಯ ಹಿರಿಯರನ್ನು ಕರೆದುಕೊಂಡು ದೂರು ಹೇಳಲು ಹೊರಟರು. ಅಕ್ಕ ಅವರ ಹಿತ್ತಲಲ್ಲೇ ಇದ್ದಳು. ಅವರು ಎರಡು ರಸ್ತೆ ದಾಟಿ ನನ್ನ ಮನೆಗೆ ಬಂದರು.

"ನಿಮ್ಮ ಅಕ್ಕನೋರಿಗೆ ನೀವು ಹೇಳ್ಬೇಕಪ್ಪಾ. ಒಂಟಿ ರಾಣೀನ ಹಾಗೆ ತಲೆ ಮೇಲೆ ಕೂರಿಸೋದು ಬೀದಿಗೇ ಶ್ರೇಯಸ್ಸಲ್ಲ. ಹೆಣ್ಣುಮಕ್ಕಳಿರೋ ಜಾಗ. ನಾಳೆ ಇವರೂ ಅದನ್ನೇ ಕಲಿತರೆ?"

"ಏನನ್ನ ಸಾರ್?"

"ಅದೇ. ಅದನ್ನೇ." ಅವರಿಗೆ ಅದಕ್ಕಿಂತ ಹೆಚ್ಚು ಬಿಡಿಸಿ ಹೇಳಲು ಮರ್ಯಾದೆ ಅಡ್ಡ ಬಂತು. "ಒಂದೋ ರಾಜನ್ನ ಇಡ್ಲಿ, ಇಲ್ಲ ರಾಣೀನ ಎತ್ತಿಡ್ಲಿ. ಎರಡೂ ಆಗಲ್ಲ ಅಂದ್ರೆ ತಿಂಗಳ ಕೊನೆಗೆ ಮನೆ ಖಾಲಿ ಮಾಡ್ಲಿ. ನಾವೇನೂ ಬಲವಂತ ಮಾಡಲ್ಲ."

ಅವರು ಅತ್ತ ಹೋದದ್ದೇ ಅಮ್ಮ ಎದ್ದಳು. ನಮ್ಮ ಮನೆಯ ಗೊಂಬೆ ಮೆಟ್ಟಿಲ ಮೇಲೆ ಎರಡು ಜೋಡಿ ಇದ್ದವು, ನನ್ನ ಹೆಂಡತಿಯದು ಮತ್ತು ಅಮ್ಮನದು. ಅಮ್ಮ ತನ್ನ ರಾಜನನ್ನು ಟವೆಲಿನಲ್ಲಿ ಸುತ್ತಿ ಕಂಕುಳಲ್ಲಿಟ್ಟುಕೊಂಡು ಹೊರಟಳು. ನಾನು ಹಿಂದೆ ಹೋದೆ.

"ಹಬ್ಬ ಮುಗಿಯೋವರೆಗೂ ಇಟ್ಕೋ," ಎಂದಳು ಅಕ್ಕನಿಗೆ. "ಮನೆ ಉಳಿಸ್ಕೋ. ನಿನ್ ಹಟಕ್ಕೆ ಇನ್ನೊಂದ್ಸಲ ಬೀದಿ ಅಲೀಬೇಡ."

ಅಕ್ಕ ರಾಜನನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದಳು. "ಅಪ್ಪ ಹೋದಾಗ ನಿನ್ನ ಹಣೆ ಕುಂಕುಮ ಒರೆಸಿದ್ರಲ್ಲಮ್ಮಾ, ಇವನನ್ನ ಯಾಕೆ ಯಾರೂ ಎತ್ತಿಡಲಿಲ್ಲ?"

"ಗೊಂಬೆಗೂ ಮನುಷ್ಯರಿಗೂ ಹೋಲಿಸ್ತಾರೇನೇ?"

"ಬೀದಿಯೋರು ಈಗ ಮಾಡ್ತಿರೋದೇನು ಮತ್ತೆ? ಅದಿರ್ಲಿ, ಬಂದಿದೀಯಲ್ಲ, ಇವತ್ತು ಆರತಿ ನೀನೇ ಎತ್ತು."

ಅಮ್ಮ ಎರಡು ಹೆಜ್ಜೆ ಹಿಂದೆ ಸರಿದಳು. ಅಷ್ಟು ಹೆದರಿದ್ದನ್ನು ನಾನು ಮೊದಲು ನೋಡಿರಲಿಲ್ಲ. "ನೀನು ಕೆಟ್ಟಿದ್ದು ಸಾಲ್ದೇನೇ, ನನ್ನನ್ನೂ ಕೆಡಿಸ್ತೀಯಾ?" ಎಂದವಳೇ ಚಪ್ಪಲಿ ಮೆಟ್ಟಿದಳು.

ಮರುದಿನ ಹೆಡ್‌ಮಾಸ್ತರ ದಂಪತಿ ಪರಿಶೀಲನೆಗೆ ಬಂದರು. ನನ್ನನ್ನೂ ಸಾಕ್ಷಿಯಾಗಿ ಕರೆಸಿದ್ದರು. ತುದಿಯ ಮೆಟ್ಟಿಲಲ್ಲಿ ರಾಣಿ ಒಬ್ಬಳೇ ಇದ್ದಳು.

"ರಾಜ ಇಡಿ ಅಂದಿದ್ವಲ್ಲ?" ಎಂದರು ಹೆಡ್‌ಮಾಸ್ತರರು, ನನಗೆ.

"ಇಟ್ಟಿದೀನಲ್ಲ," ಎಂದಳು ಅಕ್ಕ.

ಕೆಳಗಿನ ಮೆಟ್ಟಿಲ ಕೊನೆಯಲ್ಲಿ, ಕ್ರಿಕೆಟ್ ತಂಡದ ಹನ್ನೆರಡನೆಯ ಆಟಗಾರನ ಸ್ಥಾನದಲ್ಲಿ, ನಮ್ಮ ಅಮ್ಮನ ರಾಜ ಕಿರೀಟ ಸಮೇತ ಕೂತಿದ್ದ.

"ಬಂದ ನೆಂಟರು ಬಾಗಿಲ ಹತ್ರ ಕೂತ್ಕೋತಾರೆ," ಎಂದಳು ಅಕ್ಕ. "ಎರವಲು ತಂದೋನು. ತಲೆ ಮೇಲೆ ಕೂರಿಸೋಕಾಗುತ್ತಾ?"

ಹೆಡ್‌ಮಾಸ್ತರರು ಬಗ್ಗಿ ರಾಜನನ್ನು ನೋಡಿದರು. ತಮ್ಮನ್ನೇ ಯಾರೋ ಅಲ್ಲಿ ಕೂರಿಸಿದ ಹಾಗೆ ಅವರ ಕಿವಿ ಕೆಂಪಾಯಿತು. ಆಮೇಲೆ, ಪರಿಚಯವಾದಂದಿನಿಂದ ಮೊದಲ ಸಲ, ನೇರವಾಗಿ ಅಕ್ಕನ ಮುಖ ನೋಡಿ ಮಾತಾಡಿದರು.

"ಖಾಲಿ ಮಾಡಿ."

ಅಕ್ಕ ಖಾಲಿ ಮಾಡಿದಳು. ಹತ್ತಿರದಲ್ಲಿ ಯಾರೂ ಮನೆ ಕೊಡಲಿಲ್ಲ. ಸುದ್ದಿ ಅವಳ ಮೊಪೆಡ್ಡಿಗಿಂತ ಮೊದಲು ತಲುಪುತ್ತಿತ್ತು. ಚಳಿಗಾಲವೆಲ್ಲ ನಮ್ಮ ಬೀದಿ ಕಡೆಯ ರೂಮಿನಲ್ಲಿದ್ದಳು. ಬಾಗಿಲನ್ನು ಪೂರ್ತಿ ತೆರೆದಿಡುತ್ತಿದ್ದಳು, ಇಲ್ಲವೇ ಪೂರ್ತಿ ಮುಚ್ಚುತ್ತಿದ್ದಳು, ಅದಕ್ಕೂ ಅಮ್ಮನ ಜೊತೆ ಜಗಳ. ಬೇಸಿಗೆಯ ಹೊತ್ತಿಗೆ, ಬಸ್ಸಿನ ಕೊನೆಯ ಸ್ಟಾಪಿನಾಚೆ, ರಸ್ತೆಯೇ ಇಲ್ಲದ ಹೊಸ ಬಡಾವಣೆಯಲ್ಲಿ ಒಂದು ಮನೆ ಸಿಕ್ಕಿತು. ಅದರ ಓನರ್ ಬೇರೆ ಊರಿನಲ್ಲಿದ್ದ. ಬಾಡಿಗೆದಾರರ ಚಾರಿತ್ರ್ಯದ ಮೇಲೆ ಅಷ್ಟು ದೂರದಿಂದ ಕಣ್ಣಿಡಲು ಅವನಿಗೆ ಸಾಧ್ಯವಿರಲಿಲ್ಲ. ಸಾಮಾನೆಲ್ಲ ಕಲಾಸಿಪಾಳ್ಯದಿಂದ ಕರೆಸಿದ ಟೆಂಪೋದಲ್ಲಿ ಹೋಯಿತು. ರಾಣಿ ಮಾತ್ರ ಅಕ್ಕನ ಮೊಪೆಡ್ಡಿನ ಮುಂದಿನ ಚೀಲದಲ್ಲಿ, ತಲೆ ಹೊರಗಿಟ್ಟುಕೊಂಡು, ಹೆಡ್‌ಮಾಸ್ತರರ ಮನೆಯ ಮುಂದೆಯೇ ಹೋದಳು. ಆ ರಸ್ತೆ ದಾರಿಗೆ ಬೀಳುತ್ತಲೇ ಇರಲಿಲ್ಲ.

ಹೆಡ್‌ಮಾಸ್ತರರ ಹಿಂದಿನ ಪೋರ್ಷನ್ನಿಗೆ ಒಬ್ಬ ಗುಮಾಸ್ತ ಹೆಂಡತಿಯೊಂದಿಗೆ ಬಂದ. ಮುಂದಿನ ನವರಾತ್ರಿಗೆ ಅಲ್ಲಿ ರಾಜ-ರಾಣಿ ಇಬ್ಬರೂ ತುದಿಯಲ್ಲಿ ಕೂತರು, ಬೀದಿಯ ಮಕ್ಕಳೆಲ್ಲ ಉಸಲಿಗೆ ನುಗ್ಗಿದವು. ಕುಂಕುಮಕ್ಕೆ ಹೋಗಿಬಂದ ನನ್ನ ಹೆಂಡತಿ, ಆ ಹೆಂಗಸು ತಟ್ಟೆ ಹಿಡಿದಾಗ ಬಳೆಗಳ ಕೆಳಗೆ ಮಣಿಕಟ್ಟು ನೀಲಿಯಾಗಿತ್ತು ಎಂದಳು. ವಿಷಯ ಬೀದಿಗೆಲ್ಲ ಗೊತ್ತಿತ್ತು. ಗದ್ದಲ ಶುರುವಾದಾಗ ಹೆಡ್‌ಮಾಸ್ತರರ ಮನೆಯಲ್ಲಿ ಟಿವಿಯ ದನಿ ಏರಿಸುತ್ತಿದ್ದರು. ದೂರು ಹೇಳಲು ಮಾತ್ರ ಯಾರೂ ಯಾರ ಮನೆಗೂ ಹೋಗಲಿಲ್ಲ. ಹೆಡ್‌ಮಾಸ್ತರರ ಹೆಂಡತಿ ನನ್ನ ಹೆಂಡತಿಗೆ ಮೆಟ್ಟಿಲ ತುದಿ ತೋರಿಸಿ, "ಜೋಡಿ ಅಂದ್ರೆ ಹಾಗಿರ್ಬೇಕು ನೋಡಿ," ಎಂದರಂತೆ.

ಅದನ್ನು ಕೇಳಿದ ಮರುದಿನ ಅಮ್ಮ ಟವೆಲಿನ ಗಂಟೊಂದನ್ನು ಕಂಕುಳಲ್ಲಿಟ್ಟುಕೊಂಡು ಬಸ್ಸಿಗೆ ಹೊರಟಳು. ಬಾಗಿಲಲ್ಲಿ ತಡೆದೆ.

"ಮತ್ತೆ ರಾಜನ್ನ ತಗೊಂಡ್ ಹೋಗ್ತಿದೀಯಾ?"

"ಅವನ್ಯಾಕೆ? ಕಡಲೆಕಾಳು ಕಣೋ, ನೆನೆಸಿದ್ದು. ಅಲ್ಲಿ ಕಟ್ಟಡ ಕೆಲಸದೋರ ಮಕ್ಕಳು ಸಾಯಂಕಾಲ ಹಿಂಡುಹಿಂಡಾಗಿ ಬರ್ತಾವಂತೆ, ಇವಳು ಮಾಡಿದ್ದು ಸಾಲ್ತಿಲ್ವಂತೆ." ಮೆಟ್ಟಿಲಿಳಿದು ಮತ್ತೆ ತಿರುಗಿದಳು. "ಆರತಿ ಗೀರತಿ ಅಂತ ಮತ್ತೆ ಶುರು ಮಾಡಿದ್ರೆ ಮುಂದಿನ ಬಸ್ಸಿಗೇ ವಾಪಸ್ ಬರ್ತೀನಿ, ಹೇಳಿದೀನಿ ಅವಳಿಗೆ."

ಅಮ್ಮ ವಾಪಸ್ ಬಂದದ್ದು ವಿಜಯದಶಮಿ ಕಳೆದ ಮೇಲೆ.