ಏಳುನೂರು ಪೌಂಡಿನ ಕೊರತೆ

2006ರ ಜನವರಿ. ಹೈದರಾಬಾದಿನ ಮಾಧಾಪುರದ ಗಾಜಿನ ಕಟ್ಟಡವೊಂದರಲ್ಲಿ, ಲಂಡನ್ನಿನ ಸಣ್ಣ ಕಂಪನಿಯ ಟ್ರೇಡಿಂಗ್ ಡೆಸ್ಕಿಗೆ ನಾನು ಮೇಲ್ವಿಚಾರಕ. ಕಲಬುರಗಿಯ ನೆಂಟರಿಗೆ ‘ಸಾಫ್ಟ್‌ವೇರ್’ ಎಂದಷ್ಟೇ ಹೇಳಿದ್ದೆ. ನಿಜವಾಗಿ ಮಾಡುತ್ತಿದ್ದದ್ದು ಬೆಟ್ಟಿಂಗ್ ಎಕ್ಸ್‌ಚೇಂಜಿನ ವ್ಯಾಪಾರ.

ಅಲ್ಲಿ ಪಂದ್ಯ ನಡೆಯುತ್ತಿರುವಾಗಲೇ ಆಟಗಾರನ ದರ, ಅಂದರೆ ಅವನು ಗೆದ್ದರೆ ಕಟ್ಟಿದ್ದೂ ಸೇರಿ ಒಂದಕ್ಕೆ ಎಷ್ಟು ವಾಪಸ್ ಎಂಬುದು, ಷೇರಿನಂತೆ ಏರಿಳಿಯುತ್ತದೆ. ಗೆಲ್ಲುತ್ತಾನೆಂದು ಹೆಚ್ಚಿನ ದರದಲ್ಲಿ ಪಣ ಕಟ್ಟಬೇಕು. ಅವನು ಮುನ್ನಡೆದಂತೆ ದರ ಇಳಿಯುತ್ತದೆ. ಆಗ ಲೆಕ್ಕ ಹಾಕಿ ಅವನ ವಿರುದ್ಧವೂ ಕಟ್ಟಿದರೆ ಯಾರು ಗೆದ್ದರೂ ನಮಗೆ ಒಂದೇ ಲಾಭ. ಇದಕ್ಕೆ ‘ಲಾಕ್’ ಎನ್ನುತ್ತಿದ್ದೆವು. ಲಾಕ್ ಆದೊಡನೆ ಮೌಸ್ ಅಂಗಾತ ಮಾಡಿಟ್ಟು ಎದ್ದು ಹೋಗಿ ಚಹಾ ಕುಡಿಯಬೇಕು, ಪಂದ್ಯದ ಕೊನೆ ನೋಡುವಂತಿಲ್ಲ. ಕೊನೆ ನೋಡುವ ಚಟ ಹತ್ತಿದವನು ಲಾಭ ಹಿಡಿಯಲಾರ ಎಂದು ಈ ನಿಯಮ ಮಾಡಿದವನು ನಾನೇ. ತಪ್ಪಿದವರನ್ನು ಯದ್ವಾತದ್ವಾ ಬೈಯುತ್ತಿದ್ದೆ.

ಆ ತಿಂಗಳು ಲಂಡನ್ನಿನಿಂದ ಪತ್ರ ಬಂತು. ಕೊಟ್ಟ ಗಡುವಿನೊಳಗೆ ಲಾಭದ ಗುರಿ ಮುಟ್ಟದಿದ್ದರೆ ಡೆಸ್ಕ್ ಬಂದ್, ನಾವು ಒಂಬತ್ತು ಜನರೂ ಮನೆಗೆ. ಗಡುವಿನ ಕೊನೆಯ ದಿನ ಬೆಳಿಗ್ಗೆ ಇನ್ನೂ ಮೂರೂವರೆ ಸಾವಿರ ಪೌಂಡ್ ಕಡಿಮೆ ಇತ್ತು. ನಲವತ್ತೇಳರ ವಯಸ್ಸಿಗೆ ನನಗ್ಯಾರು ಕೆಲಸ ಕೊಡುತ್ತಾರೆ?

ಅಂದು ಆಸ್ಟ್ರೇಲಿಯಾದ ಟೆನಿಸ್ ಪಂದ್ಯ ಸವಿತಾಳ ಪಾಲಿಗಿತ್ತು. ಬೀದರಿನ ಕಡೆಯ ಹುಡುಗಿ. ತಂದೆ ರಕ್ಷಣಾ ಕಾರ್ಖಾನೆಯಿಂದ ನಿವೃತ್ತರಾಗಿ ಮೆಹದಿಪಟ್ಟಣಂನಲ್ಲಿ ಹಾಸಿಗೆ ಹಿಡಿದಿದ್ದರು. ಮನೆ ನಡೆಯುತ್ತಿದ್ದುದು ಇವಳ ಸಂಬಳದಲ್ಲೇ. ಅವಳು ಒಬ್ಬ ಆಟಗಾರನ ಮೇಲೆ ಎರಡು ಸಾವಿರ ಪೌಂಡನ್ನು ಮೂರರ ದರದಲ್ಲಿ ಕಟ್ಟಿದಳು. ಕೊನೆಯ ಸೆಟ್ಟಿನಲ್ಲಿ ಅವನು 5–2ರಿಂದ ಮುಂದಾದ, ದರ ಒಂದೂಕಾಲಿಗೆ ಇಳಿಯಿತು.

“ಎರಡ್ ಸಾವಿರದ ಎಂಟುನೂರು ಸಿಗತೈತ್ರಿ ಸರ್. ಲಾಕ್ ಮಾಡಾಕತ್ತೀನಿ.”

“ತಡಿ! ಅಷ್ಟರಾಗ ಡೆಸ್ಕ್ ಉಳಿಯೂದಿಲ್ಲ. ಅವ ಗೆದ್ದರ ಪೂರಾ ನಾಕ್ ಸಾವಿರ.”

“ದರ ಬಂದಾಗ ಹಿಡೀಬೇಕು ಅಂತ ನೀವ ಹೇಳಿದ್ದಲ್ಲೇನ್ರಿ?”

“ಬ್ಯಾಡ ಅಂದೆನಲ್ಲ!”

ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ ಎಂದರೆ ಇದೇ. ಅವಳು ಮೌಸಿನಿಂದ ಕೈ ತೆಗೆದಳು. ಉಳಿದವರೆಲ್ಲ ಬಂದು ನಮ್ಮ ಹಿಂದೆ ನಿಂತರು. ಯಾರೂ ಚಹಾಕ್ಕೆ ಹೋಗಲಿಲ್ಲ.

ಆ ಪುಣ್ಯಾತ್ಮ ತನ್ನದೇ ಸರ್ವಿಸ್‌ನಲ್ಲಿ ಎರಡು ಡಬಲ್ ಫಾಲ್ಟ್ ಮಾಡಿ ಗೇಮ್ ಕಳೆದುಕೊಂಡ. ನೋಡುನೋಡುತ್ತಿದ್ದಂತೆ 5–5. ದರ ಎರಡಕ್ಕೆ ಏರಿತು.

“ಇನ್ನೂ ಒಂದ್ ಸಾವಿರರೇ ಉಳೀತೈತಿ, ಸರ್. ಕೈಮುಗೀತೀನಿ,” ಎಂದಳು ಸವಿತಾ.

ನಾನು ಕೈ ಅಡ್ಡ ಹಿಡಿದೆ. ದೇವರೇ, ಇದೊಂದು ಸಲ ಎಂದು ಮನಸ್ಸಿನಲ್ಲೇ ಅಂಗಲಾಚುತ್ತಿದ್ದೆ. ಮೂವತ್ತು ಸಾವಿರ ಪಂದ್ಯಗಳ ಅಂಕಿ ಅಂಶ ನೋಡಿದ ನಾನು, ಪರದೆಯ ಮುಂದೆ ಹರಕೆ ಹೊರುತ್ತಾ ಕೂತಿದ್ದೆ! ಅವನು 7–5ರಿಂದ ಸೋತ. ಕಟ್ಟಿದ ಎರಡು ಸಾವಿರವೂ ಹೋಯಿತು.

ಮಧ್ಯಾಹ್ನ ಲಂಡನ್ನಿನ ಮಾಲೀಕರಿಗೆ ಫೋನ್ ಮಾಡಿ, ತಪ್ಪು ಸವಿತಾಳದಲ್ಲ, ನನ್ನದು ಎಂದೆ. ಎರಡು ಸಾವಿರದ ಎಂಟುನೂರು ಕೈಯಲ್ಲಿತ್ತೆಂದೂ ಹೇಳಿದೆ. ಅವರು, “ಏಳುನೂರು ಕಡಿಮೆ ಬಿತ್ತೆಂದು ಡೆಸ್ಕ್ ಮುಚ್ಚುತ್ತಿರಲಿಲ್ಲ. ಇನ್ನೊಂದು ತಿಂಗಳು ಕೊಡುತ್ತಿದ್ದೆ. ನಿಯಮ ಮುರಿಯುವ ಡೆಸ್ಕನ್ನು ಮಾತ್ರ ಇಟ್ಟುಕೊಳ್ಳಲಾರೆ,” ಎಂದರು. ಡೆಸ್ಕ್ ಮುಚ್ಚಿತು.

ಮುಂದೆ ಇಪ್ಪತ್ತು ವರ್ಷ ಬೇರೆ ಬೇರೆ ಕಡೆ ಇದೇ ಪಾಠ ಹೇಳಿದ್ದೇನೆ: ಮಾರುಕಟ್ಟೆ ಎಷ್ಟು ಕೊಡುತ್ತಿದೆಯೋ ಅಷ್ಟನ್ನು ನೋಡಿ ಲಾಭ ಹಿಡಿಯಿರಿ, ನಿಮಗೆಷ್ಟು ಬೇಕು ಎಂಬುದು ಅದಕ್ಕೆ ಗೊತ್ತಿಲ್ಲ. ಕೇಳುವವರು ತಲೆದೂಗುತ್ತಾರೆ. ಮಾಲೀಕರ ಮಾತನ್ನು ಅಂದು ಸವಿತಾಳಿಂದ ಮುಚ್ಚಿಡಲಾಗದೆ ಹೇಳಿಬಿಟ್ಟಿದ್ದೆ. ಅವಳು ಬ್ಯಾಗು ಹೆಗಲಿಗೇರಿಸಿಕೊಂಡು, “ಮುಂಜಾನೆ ಒಂದ್ ಫೋನ್ ಮಾಡಿ ಕೇಳಬೇಕಿತ್ತಲ್ರಿ, ಸರ್,” ಎಂದಳು.