ತಿಪ್ಪೇಶಪ್ಪ ಮಾಸ್ತರರ ಮೊಣಕಾಲು

ನಮ್ಮ ನ್ಯಾಮತಿಯ ನಾಟಕ ಸಂಘಕ್ಕೆ ಹಾರ್ಮೋನಿಯಂ ಮಾಸ್ತರರೆಂದರೆ ತಿಪ್ಪೇಶಪ್ಪನವರೇ. ರಾಜಪಾರ್ಟಿನವನು ಶ್ರುತಿ ತಪ್ಪಿದರೆ ತುಂಬಿದ ಸಭೆಯಲ್ಲೇ ಕಣ್ಣು ಕೆಕ್ಕರಿಸುವ ಮನುಷ್ಯ. ಅಂಥವರಿಗೆ ಕಿವಿಯೇ ಕೈಕೊಟ್ಟಿತ್ತು. ಎದುರು ನಿಂತವರ ಮಾತು ತುಟಿ ನೋಡಿ ಹೇಗೋ ತಿಳಿಯುತ್ತಿತ್ತು. ಸ್ವರ ಮಾತ್ರ ಮಸುಕು ಮಸುಕು. ಹೆಂಡತಿ ಭೀಮಕ್ಕನಿಗೂ ಹೇಳಿರಲಿಲ್ಲ. ಕಿವುಡ ಮಾಸ್ತರನನ್ನು ನಾಟಕ ಕಲಿಸಲು ಯಾವ ಊರಿನವರು ಕರೆದಾರು?

ಅಲ್ಲಿಯವರೆಗೆ ಅವರ ಮಾನ ಕಾದದ್ದು ಕಾಲಲ್ಲಿ ತುಳಿದು ನುಡಿಸುವ ಹಳೆಯ ಲೆಗ್ ಹಾರ್ಮೋನಿಯಂ. ಮೊಣಕಾಲನ್ನು ಅದರ ಹಲಗೆಗೆ ಒತ್ತಿಕೊಂಡು ಕೂತರೆ, ಕರಿ ಮನೆ ಒತ್ತಲಿ ಬಿಳಿ ಮನೆ ಒತ್ತಲಿ, ಮರದ ನಡುಕ ಮೈಗೆ ಏರುತ್ತಿತ್ತು. ಸ್ವರ ಗುರುತಿಸಲು ಅವರಿಗೆ ಅಷ್ಟು ಸಾಕಿತ್ತು.

ಎಂಬತ್ತೆಂಟನೇ ಇಸವಿಯಲ್ಲಿ ಸಂಘದವರಿಗೆ ಕೀಬೋರ್ಡಿನ ಹುಚ್ಚು ಹಿಡಿಯಿತು. ಹಾರ್ಮೋನಿಯಂಗೆ ಗೆದ್ದಲು ಹತ್ತಿದ್ದೂ ನಿಜವೇ ಅನ್ನಿ. ಅಧ್ಯಕ್ಷ ಬಸವರಾಜಪ್ಪ, ನಾಯಕಿ ಪಾರ್ಟಿನ ಶಂಕ್ರಮ್ಮ ಮತ್ತು ಮಾಸ್ತರರು ಶಿವಮೊಗ್ಗದ ಅಂಗಡಿಯೊಂದಕ್ಕೆ ಹೋದರು.

ಅಂಗಡಿಯಾತ ಎರಡು ಸೆಕೆಂಡ್‌ಹ್ಯಾಂಡ್ ಕೀಬೋರ್ಡ್ ತಂದಿಟ್ಟ. “ಎರಡರಾಗೂ ದೊಡ್ಡ ಪಿಯಾನೊ ಸೌಂಡ್ ಐತ್ರಿ. ಫಾರಿನ್‌ನಾಗೆ ನಿಜವಾದ ಪಿಯಾನೊ ಬಾರಿಸಿ, ಆ ಸದ್ದನ್ನೇ ಹಿಡಿದು ಇದರಾಗೆ ತುಂಬ್ಯಾರೆ. ಯಾವುದು ಚಲೋ, ನೀವೇ ನೋಡ್ರಿ.”

ಬರೀ ಪ್ಲಾಸ್ಟಿಕ್. ಒತ್ತಿದರೆ ಬೆರಳಿಗೆ ಏನೆಂದರೆ ಏನೂ ತಿಳಿಯದು. ಸದ್ದು ಹುಟ್ಟುತ್ತಿದ್ದದ್ದು ದೂರದ ಗೋಡೆ ಬದಿಯ ಸ್ಪೀಕರಿನಲ್ಲಿ. ಮಾಸ್ತರರು ಮೊದಲನೆಯದನ್ನು ನುಡಿಸಿದರು, ಎರಡನೆಯದನ್ನೂ ನುಡಿಸಿದರು. ಬೆರಳು ಓಡಿದಂತೆಲ್ಲ ಸ್ವರಗಳು ನೆನಪಿನಿಂದಲೇ ಕೇಳಿಸಿದವು. ಏನಾದರೂ ಹೇಳಲೇಬೇಕಲ್ಲ!

“ಎರಡನೇದೇ ಆಗ್ಲಿ. ಪಿಯಾನೊ ಅಂದ್ರೆ ಇದು ನೋಡ್ರಿ, ಒಂದೊಂದು ಸ್ವರಾನೂ ಬಿಡಿಸಿಟ್ಟಂಗೈತೆ.”

ಅಂಗಡಿಯಾತ ನೆಲ ನೋಡಿದ. ಶಂಕ್ರಮ್ಮ ಎದುರಿಗೆ ಬಂದು ನಿಂತು ಮೆಲ್ಲಗೆ ಹೇಳಿದಳು: “ಮಾಸ್ತ್ರೇ, ಅದರಾಗೆ ಕರಿ ಎರಡು ನುಡಿಯಾದೇ ಇಲ್ಲರೀ.”

ಕರಿ ಎರಡು, ಅಂದರೆ ಎರಡನೇ ಕರಿ ಮನೆ, ಅವಳು ಹಾಡುವ ಶ್ರುತಿ. ಅವಳು ಬಣ್ಣ ಹಚ್ಚಿದಂದಿನಿಂದ ಅವರೇ ಕೊಡುತ್ತ ಬಂದದ್ದು. ಕೆಟ್ಟುಹೋಗಿದ್ದ ಆ ಮೂಗ ಮನೆಯನ್ನು ಮತ್ತೆ ಮತ್ತೆ ಒತ್ತಿ ಅವರು ತಲೆದೂಗಿದ್ದರು! ಇನ್ನು ಮುಗಿಯಿತು ಎಂದುಕೊಂಡರು.

ಬಸವರಾಜಪ್ಪನ ಮೇಲೆ ನನಗೆ ಅಂಥ ಗೌರವವೇನಿಲ್ಲ; ಊರಿನ ಜಂಭವೆಲ್ಲ ಅವನೊಬ್ಬನಲ್ಲೇ ಇತ್ತು. ಆದರೆ ಅವತ್ತು ಅವನು ಕೂಗಾಡಲಿಲ್ಲ. ಮೊದಲನೆಯ ಕೀಬೋರ್ಡನ್ನು ಮುಂದಕ್ಕೆಳೆದ. ಗೋಡೆ ಬದಿಯ ಮರದ ಸ್ಪೀಕರ್ ಪೆಟ್ಟಿಗೆಯನ್ನು ತಾನೇ ಎತ್ತಿ ತಂದು, ಮಾಸ್ತರರ ಮೊಣಕಾಲಿಗೆ ತಾಗುವಂತೆ ಇಟ್ಟ.

“ಕುತ್ಕಳ್ರಿ ಮಾಸ್ತ್ರೇ. ನೀವು ಹೆಂಗೆ ಕೂರ್ತೀರಿ ಅಂತ ನಮಗೇನು ಗೊತ್ತಿಲ್ವಾ? ಕರಿ ಎರಡು ಕೊಡ್ರಿ, ಶಂಕ್ರಮ್ಮ ಹಾಡ್ಲಿ.”

ಮಾಸ್ತರರು ಒತ್ತಿದರು. ಮೊಣಕಾಲು ನಡುಗಿತು. ನಡುಗಿದ್ದು ಪೆಟ್ಟಿಗೆಯೋ, ಹೆದರಿಕೆಗೆ ತಮ್ಮ ಕಾಲೋ, ತಿಳಿಯಲಿಲ್ಲ. ಶಂಕ್ರಮ್ಮ ಕಣ್ಣು ಮುಚ್ಚಿ ಹಾಡತೊಡಗಿದಳು. ಅವಳು ಕಣ್ಣು ತೆರೆದು ತಲೆದೂಗುವವರೆಗೆ ಅವರು ಉಸಿರು ಬಿಡಲಿಲ್ಲ.